ಮೈದ್ ಸತ್ತ ಬೇಸಿಗೆ

ಹೋದ ವರ್ಷದ ಸಂಚಿಕೆಯಲ್ಲಿ ಈ ಅಂಕಣದಲ್ಲಿ ನಮ್ಮ ನಲ್ಲಿ ನೀರಿನ ಕಥೆ ಬರೆದಿದ್ದೆ. ಅದನ್ನು ಓದಿದವರೊಬ್ಬರು ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದರು. ತಟ್ಟೆಗೆ ಕೋಸಂಬರಿ ಬೀಳುವ ಹೊತ್ತಿಗೆ ಕೇಳಿಯೇಬಿಟ್ಟರು: "ಸಾರ್, ಸಮುದ್ರದ ದಡದಲ್ಲಿ ರಾಶಿ ರಾಶಿ ಸತ್ತ ಮೀನು ಬಿದ್ದಿರುವ ವಿಡಿಯೊ ವಾಟ್ಸ್ಯಾಪಿನಲ್ಲಿ ಬರ್ತಾ ಇರ್ತದಲ್ಲ, ಅದು ನಿಜವಾ? ನಾವು ಮೀನು ತಿನ್ನಬಹುದಾ, ಬಿಡಬೇಕಾ?" ಸಾಲು ಮುಂದೆ ಹೋಯಿತು, ಪಾಯಸ ಬಂತು, ಉತ್ತರ ಅಲ್ಲಿಗೇ ನಿಂತಿತು. ಆದರೆ ಪ್ರಶ್ನೆ ನನ್ನನ್ನು ಮನೆಯವರೆಗೂ ಬಿಡಲಿಲ್ಲ. ಯಾಕೆಂದರೆ ಅಂಥ ರಾಶಿಯನ್ನು ನಾನು ಕಣ್ಣಾರೆ ಕಂಡವನು. ವಿಡಿಯೊದಲ್ಲಿ ವಾಸನೆ ಬರುವುದಿಲ್ಲ. ನನಗೆ ಮೊದಲು ನೆನಪಾಗುವುದೇ ಆ ವಾಸನೆ.

ಅದು 2001ರ ಆಗಸ್ಟ್. ನಾನು ಕುವೈತಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಒಂದು ರೂಮಿನಲ್ಲಿ ಆರು ಜನ. ಅದರಲ್ಲಿ ಗಂಗೊಳ್ಳಿಯವರೊಬ್ಬರು ನನಗಿಂತ ಹತ್ತು ವರ್ಷ ದೊಡ್ಡವರು, ನಾವೆಲ್ಲ ಅವರನ್ನು 'ಗಂಗೊಳ್ಳಿ ಅಣ್ಣ' ಎಂದೇ ಕರೆಯುತ್ತಿದ್ದೆವು. ಮೀನು ಮಾರುಕಟ್ಟೆಯಲ್ಲಿ ಒಬ್ಬ ಕುವೈತಿಯ ಅಂಗಡಿಯಲ್ಲಿ ಅವರಿಗೆ ಕೆಲಸ. ಬೆಳಗಿನ ಜಾವ ಹೋಗಿ ಹರಾಜಿನಲ್ಲಿ ಬುಟ್ಟಿ ಹಿಡಿಯುವುದು, ಐಸ್ ಒಡೆಯುವುದು, ಗಿರಾಕಿಗೆ ಮೀನು ಕೊಯ್ದು ಕೊಡುವುದು. ಸಂಬಳ ಕಡಿಮೆ, ಕೊಯ್ದದ್ದಕ್ಕೆ ಸಿಗುವ ಚಿಲ್ಲರೆಯೇ ಹೆಚ್ಚು. ಆ ಚಿಲ್ಲರೆಯಲ್ಲಿ ಊರಿನಲ್ಲಿ ತಮ್ಮನ ದೋಣಿಯ ಸಾಲದ ಕಂತು ಹೋಗುತ್ತಿತ್ತು.

ಒಂದು ಶುಕ್ರವಾರ ಸಂಜೆ ಸೆಕೆ ತಾಳಲಾರದೆ ದಡಕ್ಕೆ ಹೋದೆವು. ಗಾಳಿ ಎಂಬುದೇ ಇರಲಿಲ್ಲ. ಸಮುದ್ರ ಎಣ್ಣೆ ಹಚ್ಚಿದ ತಟ್ಟೆಯ ಹಾಗೆ ಬಿದ್ದುಕೊಂಡಿತ್ತು. ದಡದ ಕಲ್ಲುಗಳ ನಡುವೆ ಬೆಳ್ಳಗೆ ಏನೋ ತುಂಬಿತ್ತು. ನಾನು ಪ್ಲಾಸ್ಟಿಕ್ ಅಂದುಕೊಂಡೆ. ಹತ್ತಿರ ಹೋದಾಗ ಅಷ್ಟೂ ಮೀನು. ಗೇಣುದ್ದದ, ಬೆಳ್ಳಿ ಬಣ್ಣದ ಒಂದೇ ಜಾತಿಯ ಮೀನು. ಇನ್ನೂ ಸಾಯದೆ ಇದ್ದ ಕೆಲವು ನೀರಿನ ಮೇಲ್ಮೈಯಲ್ಲಿ ಬುಗುರಿಯ ಹಾಗೆ ಸುತ್ತುತ್ತಿದ್ದವು. ಗಂಗೊಳ್ಳಿ ಅಣ್ಣ ಕೂತು ಒಂದನ್ನು ಕಡ್ಡಿಯಿಂದ ತಿರುಗಿಸಿ ನೋಡಿದರು. "ಕಣ್ಣ್ ಕಾಣ್ ಮಾರಾಯ" ಎಂದರು. ಕಣ್ಣು ಗುಡ್ಡೆ ಹೊರಗೆ ಉಬ್ಬಿ ಬಂದಿತ್ತು. ರೆಕ್ಕೆಯ ಬುಡದಲ್ಲಿ ರಕ್ತ ಹೆಪ್ಪುಗಟ್ಟಿದ ಕೆಂಪು. "ಇದ್ ನೀರ್ ಕಟ್ಟಿ ಸತ್ತದ್ದಲ್ಲ. ಇದಕ್ಕೆ ಎಂತದೋ ಸೀಕ್ ಬಂದಿತ್." ಇಷ್ಟು ಹೇಳಿ ಕಡ್ಡಿ ಬಿಸಾಡಿ ಎದ್ದರು.

ಆ ಮೀನಿಗೆ ಇಲ್ಲಿ 'ಮೈದ್' ಎನ್ನುತ್ತಾರೆ. ಮುಲ್ಲೆಟ್ ಜಾತಿಯದು. ಜುಬೈದಿ, ಹಮೂರುಗಳ ಹಾಗೆ ದೊಡ್ಡ ಮನೆಯ ಮೀನಲ್ಲ. ಕುವೈತ್ ಕೊಲ್ಲಿಯ ಆಳವಿಲ್ಲದ ಕೆಸರು ನೀರಿನಲ್ಲಿ ಗುಂಪು ಗುಂಪಾಗಿ ಮೇಯುವ, ಹಳೆಯ ಕುವೈತಿಗಳು ಬಹಳ ಪ್ರೀತಿಯಿಂದ ತಿನ್ನುವ ಮೀನು. ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳಲ್ಲಿ ಆ ಮೈದ್ 2,500 ಟನ್ನಿಗಿಂತ ಹೆಚ್ಚು ಸತ್ತಿತೆಂದು ಆಮೇಲೆ ವಿಜ್ಞಾನಿಗಳು ಅಂದಾಜು ಹಾಕಿದರು. ಹತ್ತು ಟನ್ನಿನ ಲಾರಿ ಕಲ್ಪಿಸಿಕೊಳ್ಳಿ. ಅಂಥ 250 ಲಾರಿ. ಒಂದು ಸಣ್ಣ ಕೊಲ್ಲಿಯಲ್ಲಿ, ಮುಖ್ಯವಾಗಿ ಒಂದೇ ಜಾತಿಯ ಮೀನು.

ರೂಮಿನಲ್ಲಿ ಪ್ರತಿ ರಾತ್ರಿ ಇದೇ ಮಾತು. ಆಗ ವಾಟ್ಸ್ಯಾಪ್ ಇರಲಿಲ್ಲ, ಆದರೆ ಸುದ್ದಿಗೆ ಕಾಲು ಬೇಕಾಗಿರಲಿಲ್ಲ. ಗಲ್ಫ್ ಯುದ್ಧದಲ್ಲಿ ಮುಳುಗಿದ ಹಡಗಿನಿಂದ ವಿಷ ಸೋರಿದೆ ಎಂದು ಒಬ್ಬ. ಉತ್ತರದಿಂದ ಯಾರೋ ನೀರಿಗೆ ಏನೋ ಬೆರೆಸಿದ್ದಾರೆ ಎಂದು ಇನ್ನೊಬ್ಬ. ಸೆಪ್ಟೆಂಬರ್ 11 ಆದ ಮೇಲಂತೂ ಕೇಳುವುದೇ ಬೇಡ, ಎಲ್ಲರಿಗೂ ಎಲ್ಲದರ ಹಿಂದೆಯೂ ಒಂದು ಕೈ ಕಾಣಿಸುತ್ತಿತ್ತು. ಮಾರುಕಟ್ಟೆಯಲ್ಲಿ ಗಿರಾಕಿ ಕಡಿಮೆಯಾದರು. ಮೈದ್ ಮಾತ್ರವಲ್ಲ, ದೂರದಿಂದ ಐಸಿನಲ್ಲಿ ಬಂದ ಅಂಜಲ್ ಕೂಡ ಯಾರಿಗೂ ಬೇಡ. ಜನ ಕೋಳಿಗೆ ತಿರುಗಿದರು. ಗಂಗೊಳ್ಳಿ ಅಣ್ಣನ ಅಂಗಡಿಯವನು ಆ ಎರಡು ತಿಂಗಳು ಅರ್ಧ ಸಂಬಳ ಕೊಟ್ಟ. ಕೊಯ್ಯುವ ಮೀನೇ ಇಲ್ಲದ ಮೇಲೆ ಚಿಲ್ಲರೆ ಎಲ್ಲಿಂದ? ಅಕಾಮ ಅವನ ಕೈಯಲ್ಲಿ, ಬೇರೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಊರಿನಲ್ಲಿ ಕಂತು ತಪ್ಪಿತು. ಫೋನ್ ಕಾರ್ಡಿನ ಕೊನೆಯ ಎರಡು ನಿಮಿಷದಲ್ಲಿ ಅವರು ತಮ್ಮನಿಗೆ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: "ಇಲ್ಲಿ ಮೀನ್ ಸತ್ತಿತ್ ಅಂದ್ರೆ ಬ್ಯಾಂಕಿನವ್ರ್ ಕೇಂತ್ರಾ? ಏನಾರ್ ಬೇರೆ ಹೇಳ್."

ಸರಿ, ಮೈದ್ ಯಾಕೆ ಸತ್ತಿತು?

ಗಂಗೊಳ್ಳಿ ಅಣ್ಣ ಕಡ್ಡಿಯಿಂದ ತಿರುಗಿಸಿ ಹೇಳಿದ್ದೇ ಸರಿಯಾಗಿತ್ತು. ಅದು ರೋಗ. ಕುವೈತಿನ ವೈಜ್ಞಾನಿಕ ಸಂಶೋಧನಾ ಸಂಸ್ಥೆಯವರು, ಪರಿಸರ ಪ್ರಾಧಿಕಾರದವರು, ಜೊತೆಗೆ ಹೊರದೇಶದಿಂದ ಬಂದ ತಜ್ಞರು ಸೇರಿ ಮೀನು ಕೊಯ್ದು ನೋಡಿದಾಗ ಒಳಗೆ ಸಿಕ್ಕಿದ್ದು ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ ಎಂಬ ಬ್ಯಾಕ್ಟೀರಿಯಾ. ಅದು ಮೀನಿನ ಮೆದುಳಿಗೆ ಹತ್ತುತ್ತದೆ. ಅದಕ್ಕೇ ಆ ಬುಗುರಿ ಸುತ್ತು, ಅದಕ್ಕೇ ಆ ಉಬ್ಬಿದ ಕಣ್ಣು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಗ್ಲಿಬರ್ಟ್ ಮತ್ತು ಜೊತೆಯವರು 2002ರಲ್ಲಿ ಇದರ ಬಗ್ಗೆ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು.

ಈ ಬ್ಯಾಕ್ಟೀರಿಯಾದ ಹೆಸರು ಕೇಳಿ ಹೊಸದು ಎಂದುಕೊಳ್ಳಬೇಡಿ. ಹಟ್ಟಿಯಲ್ಲಿ ದನ ಕಟ್ಟಿದ ಮನೆಯವರಿಗೆ ಇದರ ಪರಿಚಯ ಉಂಟು. ಹಸುವಿಗೆ ಕೆಚ್ಚಲು ಬಾವು ಬರುತ್ತದಲ್ಲ, ಕೆಚ್ಚಲು ಗಟ್ಟಿಯಾಗಿ ಹಾಲು ಒಡೆದು ನೀರಾಗುವುದು, ಅದನ್ನು ತರುವ ರೋಗಾಣುಗಳಲ್ಲಿ ಇದೂ ಒಂದು. 'ಅಗಲಾಕ್ಟಿಯೆ' ಎಂದರೆ ಹಾಲಿಲ್ಲದ್ದು ಎಂದೇ ಅರ್ಥ. ಮನುಷ್ಯರ ಹೊಟ್ಟೆಯಲ್ಲಿಯೂ ಇದು ಸುಮ್ಮನೆ ವಾಸ ಮಾಡಿಕೊಂಡಿರುತ್ತದೆ. ಹಾಗಾದರೆ ಹಟ್ಟಿಯಲ್ಲಿ, ಹೊಟ್ಟೆಯಲ್ಲಿ ಇರಬೇಕಾದ್ದು ಸಮುದ್ರದ ಮೀನಿನ ಮೆದುಳಿಗೆ ಹೋದದ್ದು ಹೇಗೆ? ಒಳಚರಂಡಿಯ ಕಡೆಗೆ ಬೆರಳು ತೋರಿಸದೆ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಮೈದ್ ಕೆಸರು ಮೇಯುವ ಮೀನು. ಚರಂಡಿ ನೀರು ಕೊಲ್ಲಿಗೆ ಬೀಳುವ ಜಾಗದಲ್ಲಿ ಕೆಸರಿನಲ್ಲಿ ಪೌಷ್ಟಿಕಾಂಶ ಹೆಚ್ಚು, ಅಲ್ಲಿ ಮೈದ್ ಕೂಡ ಹೆಚ್ಚು.

ಆದರೆ ಒಂದು ರೋಗಾಣು ಸಿಕ್ಕಿತೆಂದು ಕಡತ ಮುಚ್ಚಿದರೆ ಅರ್ಧ ಕಥೆಯೇ ಆಯಿತು. ಆರೋಗ್ಯವಾಗಿರುವ ಮೀನನ್ನು ಅದು ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಸೋತ ಮೀನನ್ನು ಹಿಡಿಯುತ್ತದೆ. ನಮ್ಮ ಲೇಬರ್ ಕ್ಯಾಂಪಿನ ರೂಮನ್ನೇ ನೋಡಿ: ಎಂಟು ಜನರ ರೂಮಿನಲ್ಲಿ ಏಸಿ ಕೆಟ್ಟ ವಾರ ಒಬ್ಬನಿಗೆ ಜ್ವರ ಬಂದರೆ ಎಂಟೂ ಜನ ಮಲಗುತ್ತಾರೆ. 2001ರ ಬೇಸಿಗೆಯಲ್ಲಿ ಕೊಲ್ಲಿಯ ಏಸಿ ಕೆಟ್ಟಿತ್ತು.

ಇಲ್ಲಿ ಸ್ವಲ್ಪ ಭೂಗೋಳ ಹೇಳಬೇಕು, ಬೇಸರಿಸಬೇಡಿ. ನಾವು ದಿನಾ ನೋಡುವ ಈ ಗಲ್ಫ್ ಸಮುದ್ರ ನಮ್ಮ ಊರಿನ ಅರಬ್ಬೀ ಸಮುದ್ರದಂತಲ್ಲ. ಸರಾಸರಿ ಆಳ ಸುಮಾರು 35 ಮೀಟರ್. ಹನ್ನೆರಡು ಅಂತಸ್ತಿನ ಕಟ್ಟಡವನ್ನು ಅದರಲ್ಲಿ ಇಟ್ಟರೆ ಮೇಲಿನ ಮನೆಯವರು ಕಿಟಕಿಯಿಂದ ತಲೆ ಹೊರಗೆ ಹಾಕಬಹುದು. ಹೊರಗಿನ ಸಾಗರಕ್ಕೆ ಇರುವ ಬಾಗಿಲು ಹೊರ್ಮುಜ್ ಒಂದೇ. ಸುರಿಯುವ ಮಳೆಗಿಂತ, ಬರುವ ನದಿ ನೀರಿಗಿಂತ ಆವಿಯಾಗಿ ಹೋಗುವುದೇ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಉಪ್ಪು ಜಾಸ್ತಿ. ಕುವೈತ್ ಕೊಲ್ಲಿ ಅದರ ಮೂಲೆಯ ಮೂಲೆ. ಸರಾಸರಿ ಆಳ ಐದು ಮೀಟರಿನ ಆಸುಪಾಸು. ಅದನ್ನು ಕೊಲ್ಲಿ ಎನ್ನುವುದಕ್ಕಿಂತ ಬಿಸಿಲಿಗಿಟ್ಟ ದೊಡ್ಡ ಪರಾತ ಎಂದರೆ ಸರಿ. 2020ರ ಜುಲೈ 30ರಂದು ಇದೇ ಕೊಲ್ಲಿಯಲ್ಲಿ ನೀರಿನ ಉಷ್ಣತೆ 37.6 ಡಿಗ್ರಿ ದಾಖಲಾಯಿತು. ಅದು ನಮ್ಮ ನಿಮ್ಮ ಮೈಯ ಬಿಸಿಗಿಂತ ಹೆಚ್ಚು. ಸ್ನಾನಕ್ಕೆ ಕಾಯಿಸಿದ ನೀರಿನಲ್ಲಿ ಮೀನು ಬದುಕಬೇಕು.

ಬಿಸಿ ನೀರಿನ ತೊಂದರೆ ಬಿಸಿ ಮಾತ್ರವಲ್ಲ. ಸೋಡಾ ಬಾಟಲಿಯನ್ನು ಬಿಸಿಲಿನಲ್ಲಿಟ್ಟು ತೆರೆದರೆ ಗ್ಯಾಸೆಲ್ಲ ಹಾರಿ ಹೋಗುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕವೂ ಹಾಗೆಯೇ. 10 ಡಿಗ್ರಿಯ ಸಿಹಿನೀರು ಲೀಟರಿಗೆ ಹೆಚ್ಚೂ ಕಡಿಮೆ 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಾದರೆ ಏಳೂವರೆ ಮಾತ್ರ. ಉಪ್ಪು ಸೇರಿದರೆ ಇನ್ನೂ ಕಡಿಮೆ. ಇತ್ತ ಬಿಸಿಯಲ್ಲಿ ಮೀನಿನ ಮೈಯ ಯಂತ್ರ ಜೋರಾಗಿ ಓಡುವುದರಿಂದ ಅದಕ್ಕೆ ಬೇಕಾದ ಉಸಿರು ಹೆಚ್ಚು. ಆದಾಯ ಇಳಿದ ತಿಂಗಳೇ ಖರ್ಚು ಏರಿದ ಹಾಗೆ. ಗಾಳಿ ಬೀಸಿ ಅಲೆ ಎದ್ದರೆ ಮೇಲಿನ ಆಮ್ಲಜನಕ ಕೆಳಗೆ ಬೆರೆಯುತ್ತದೆ. 2001ರ ಆ ವಾರಗಳಲ್ಲಿ ಗಾಳಿಯೂ ಬಿದ್ದು ಹೋಗಿತ್ತು.

ಸಾಲದ್ದಕ್ಕೆ ಆ ಕಾಲದಲ್ಲಿ ಕೊಲ್ಲಿಯೊಳಗೆ ಪಂಜರಗಳಲ್ಲಿ ಸೀಬ್ರೀಮ್ ಮೀನು ಸಾಕುತ್ತಿದ್ದರು. ಮೊದಲು ಸಾವು ಕಂಡದ್ದು ಅಲ್ಲಿಯೂ. ಮೈದಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾವೇ ಅವುಗಳಲ್ಲೂ ಸಿಕ್ಕಿತು. ಉತ್ತರದಲ್ಲಿ ಇರಾಕಿನ ಜೌಗು ಪ್ರದೇಶವನ್ನು 1990ರ ದಶಕದಲ್ಲಿ ಬತ್ತಿಸಿದ್ದರು. ನದಿಯ ಕೊಳೆಯನ್ನು ಸೋಸಿ ಕಳಿಸುತ್ತಿದ್ದ ಜೊಂಡು ಹೋದ ಮೇಲೆ ಕೆಳಗಿನ ಸಮುದ್ರಕ್ಕೆ ಬರುವ ನೀರಿನ ಗುಣವೂ ಬದಲಾಯಿತು ಎಂಬ ವಾದವಿದೆ. ನನಗೆ ಕೇಳಿದರೆ ಯಾವ ಒಂದು ಕಾರಣಕ್ಕೂ ಪೂರ್ತಿ ತಪ್ಪು ಹೊರಿಸಲು ಮನಸ್ಸಿಲ್ಲ. ಬಿಸಿ, ನಿಂತ ನೀರು, ಚರಂಡಿ, ದಟ್ಟಣೆ ಇವೆಲ್ಲ ಸೇರಿ ಮೀನನ್ನು ಸೋಲಿಸಿದವು, ಕೊನೆಯ ಪೆಟ್ಟು ಬ್ಯಾಕ್ಟೀರಿಯಾದ್ದು. ವಿಷ ಬೆರೆಸಿದವನನ್ನು ಹುಡುಕುತ್ತಿದ್ದ ನಮ್ಮ ರೂಮಿನವರಿಗೆ ಈ ಉತ್ತರ ರುಚಿಸಲಿಲ್ಲ. ಒಬ್ಬ ಶತ್ರು ಸಿಕ್ಕಿದರೆ ಬೈಯುವುದಕ್ಕೆ ಅನುಕೂಲ. "ಹಾಂಗಾರೆ ನಾವು ಕಕ್ಕಸಿಗೆ ಹೋದದ್ದೂ ಕಾರಣವಾ?" ಎಂದು ಒಬ್ಬ ಸಿಟ್ಟಿನಿಂದ ಕೇಳಿದ್ದ. ಎಲ್ಲರೂ ನಕ್ಕೆವು. ಆದರೆ ಅವನು ಕೇಳಿದ್ದು ಸುಳ್ಳಲ್ಲ. 2009ರ ಆಗಸ್ಟಿನಲ್ಲಿ ಮಿಶ್ರೆಫ್‌ನ ಪಂಪಿಂಗ್ ಕೇಂದ್ರ ಕೆಟ್ಟು ನಿಂತಾಗ ಶುದ್ಧೀಕರಿಸದ ಕೊಳಚೆ ನೀರನ್ನು ನೇರ ಸಮುದ್ರಕ್ಕೇ ಬಿಡಬೇಕಾಗಿ ಬಂತು. ಆಗ ಇಲ್ಲಿದ್ದವರಿಗೆ ಕಡಲ ತೀರದ ಆ ವಾಸನೆ ನೆನಪಿರಬಹುದು.

ಇನ್ನು ಎರಡನೆಯ ಬಗೆಯ ಸಾವು. ಇದು ರೋಗವಲ್ಲ, ಪಾಚಿ.

ದುಬೈ, ಶಾರ್ಜಾ, ಮಸ್ಕತ್ ಕಡೆಯ ಓದುಗರಿಗೆ ಇದೇ ಹೆಚ್ಚು ಗೊತ್ತು. 2008ರ ಕೊನೆಯಿಂದ 2009ರವರೆಗೆ, ಎಂಟು ತಿಂಗಳಿಗೂ ಮಿಕ್ಕಿ, ಒಮಾನಿನ ಕಡೆಯಿಂದ ಆರಂಭವಾಗಿ ಹೊರ್ಮುಜ್ ದಾಟಿ ಯುಎಇ, ಇರಾನ್ ತೀರದವರೆಗೂ ಸಮುದ್ರ ಕೆಂಪು ಕಂದು ಬಣ್ಣಕ್ಕೆ ತಿರುಗಿತ್ತು. 'ಕೆಂಪು ಅಲೆ' ಎನ್ನುವುದು ಇದಕ್ಕೇ. ಕಣ್ಣಿಗೆ ಕಾಣದ ಕೋಕ್ಲೊಡಿನಿಯಂ ಎಂಬ ಏಕಕೋಶ ಜೀವಿ ಕೋಟಿಗಟ್ಟಲೆ ಬೆಳೆದು ನೀರಿಗೆ ಬಣ್ಣ ಕೊಡುತ್ತದೆ. ಅದು ಲೋಳೆ ಬಿಡುತ್ತದೆ, ಮೀನಿನ ಕಿವಿರನ್ನು ಕೆಡಿಸುತ್ತದೆ. ಮೀನು ನೀರಿನೊಳಗಿದ್ದೇ ಉಸಿರುಕಟ್ಟಿ ಸಾಯುತ್ತದೆ. ಸಾವಿರಾರು ಟನ್ ಮೀನು ಹೋಯಿತು. ದಿಬ್ಬಾ, ಮುಸಂದಮ್ ಕಡೆಯ ಹವಳದ ದಿಬ್ಬಗಳೂ ಹಾಳಾದವು. ಸಣ್ಣ ದೋಣಿಯ ಮೀನುಗಾರರು ತಿಂಗಳುಗಟ್ಟಲೆ ಬಲೆ ಬಿಡಲಿಲ್ಲ. ಆ ಜೀವಿ ಈ ಸಮುದ್ರಕ್ಕೆ ಹೊಸದು. ಹಡಗುಗಳು ಸಮತೋಲಕ್ಕೆಂದು ಒಂದು ಬಂದರಿನಲ್ಲಿ ತುಂಬಿಕೊಂಡು ಇನ್ನೊಂದು ಬಂದರಿನಲ್ಲಿ ಚೆಲ್ಲುವ ನೀರಿನ ಜೊತೆ ಬಂದಿರಬಹುದು ಎಂಬುದು ಒಂದು ಊಹೆ. ನಮ್ಮ ಹಾಗೆ ಅದೂ ಹಡಗು ಹತ್ತಿ ಬಂದು ಇಲ್ಲಿ ನೆಲೆ ಕಂಡುಕೊಂಡಿದೆ ಎನ್ನಿ. ವೀಸಾ ಮಾತ್ರ ಇಲ್ಲ.

ಈ ಕೆಂಪು ಅಲೆ ಮೀನು ತಿನ್ನದ ನಮ್ಮ ಬಯಲುಸೀಮೆಯ ಸ್ನೇಹಿತರ ಮನೆಗೂ ನುಗ್ಗಿತು. ಹೇಗೆಂದರೆ ನಲ್ಲಿಯಲ್ಲಿ. ಗಲ್ಫಿನಲ್ಲಿ ನಾವು ಕುಡಿಯುವುದು ಉಪ್ಪು ತೆಗೆದ ಸಮುದ್ರದ ನೀರು. ಹೋದ ವರ್ಷ ಬರೆದಿದ್ದೆನಲ್ಲ, ಕೆಲವು ಸ್ಥಾವರಗಳು ನೀರನ್ನು ಕುದಿಸಿ ಆವಿ ಹಿಡಿಯುತ್ತವೆ, ಇನ್ನು ಕೆಲವು ಅತಿ ಸೂಕ್ಷ್ಮ ಪೊರೆಗಳ ಮೂಲಕ ಒತ್ತಿ ಸೋಸುತ್ತವೆ. ಪೊರೆಯ ಸ್ಥಾವರಕ್ಕೆ ಈ ಪಾಚಿಯ ಲೋಳೆ ದೊಡ್ಡ ಶತ್ರು, ಕಾಫಿ ಸೋಸುವ ಬಟ್ಟೆಗೆ ಗಂಜಿ ಹೊಯ್ದ ಹಾಗೆ ಕಟ್ಟಿಕೊಳ್ಳುತ್ತದೆ. ಆ ಸಲ ಯುಎಇ, ಒಮಾನಿನ ಹಲವು ಸ್ಥಾವರಗಳನ್ನು ದಿನಗಟ್ಟಲೆ, ಕೆಲವನ್ನು ವಾರಗಟ್ಟಲೆ ಮುಚ್ಚಬೇಕಾಯಿತು. ಬಕಾಲಾದಲ್ಲಿ ನೀರಿನ ಬಾಟಲಿಯ ಕಾರ್ಟನ್ ಹೊತ್ತು ಮೂರನೇ ಮಹಡಿ ಹತ್ತುವಾಗ, ಮೀನಿನ ಕಷ್ಟ ಮೀನು ತಿನ್ನುವವರಿಗೆ ಮಾತ್ರ ಎನ್ನುವ ಹಾಗಿಲ್ಲ.

ಕುವೈತಿನಲ್ಲಿ ಪಾಚಿಯಿಂದ ಮೀನು ಸತ್ತ ಮೊದಲ ದಾಖಲೆ 1999ರ ಸೆಪ್ಟೆಂಬರ್–ಅಕ್ಟೋಬರಿನದು. ಎಂದರೆ 2001ಕ್ಕೆ ಎರಡು ವರ್ಷ ಮೊದಲೇ ಕೊಲ್ಲಿ ಒಮ್ಮೆ ಕೆಮ್ಮಿ ತೋರಿಸಿತ್ತು. 2001ರಲ್ಲಿಯೂ ಮೈದ್ ಸತ್ತ ಮೇಲೆ ಪಾಚಿ ಬೆಳೆಯಿತು. ಕೊಳೆತ ಮೀನೂ ನೀರಿಗೆ ಗೊಬ್ಬರವೇ ತಾನೆ. ಸತ್ತದ್ದು ಕೊಳೆಯುತ್ತದೆ, ಕೊಳೆತದ್ದು ಪಾಚಿಗೆ ಆಹಾರವಾಗುತ್ತದೆ, ಪಾಚಿ ಸತ್ತು ಕೊಳೆಯುವಾಗ ಆಮ್ಲಜನಕ ಮುಗಿಯುತ್ತದೆ, ಇನ್ನಷ್ಟು ಮೀನು ಸಾಯುತ್ತದೆ.

ಒಮಾನಿನ ಕಡಲಿನಲ್ಲಿ ಈಚೆಗೆ ಚಳಿಗಾಲದಲ್ಲಿ ಹಸಿರು ಅಲೆ ಕಾಣಿಸುತ್ತದೆ. ಅದು ನಾಕ್ಟಿಲ್ಯೂಕ ಎಂಬ ಜೀವಿ. ಆ ಕಡಲಿನ ಆಳದಲ್ಲಿ ಆಮ್ಲಜನಕ ಮೊದಲೇ ಕಡಿಮೆ. 2018ರಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ ಮತ್ತು ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದವರು ನೀರಿನೊಳಗೆ ತಾನಾಗಿ ಈಜುವ ಯಂತ್ರಗಳನ್ನು ಬಿಟ್ಟು ಅಳೆದಾಗ, ಒಮಾನ್ ಕೊಲ್ಲಿಯ ಆ ಉಸಿರಿಲ್ಲದ ವಲಯ ಸ್ಕಾಟ್ಲೆಂಡಿಗಿಂತ ದೊಡ್ಡದಾಗಿ ಹರಡಿರುವುದು ಕಂಡಿತು.

ಇದೇ ನಾಕ್ಟಿಲ್ಯೂಕದ ಇನ್ನೊಂದು ಬಗೆ ನಮ್ಮ ಊರಿನ ಕಡಲಿಗೂ ನೆಂಟ. 2020ರ ನವೆಂಬರಿನಲ್ಲಿ ಮಟ್ಟು, ಮಲ್ಪೆ, ಪಡುಕೆರೆ ಕಡೆ ರಾತ್ರಿ ಅಲೆ ಒಡೆಯುವಾಗ ನೀಲಿ ಬೆಳಕು ಮಿನುಗಿದ್ದನ್ನು ನೀವೂ ವಿಡಿಯೊದಲ್ಲಿ ನೋಡಿರುತ್ತೀರಿ. ಜನ ಕಾರು ಮಾಡಿಕೊಂಡು ನೋಡಲು ಹೋದರು. ನನಗೂ ಹತ್ತು ಜನ ಕಳಿಸಿದರು. ಚೆಂದವೇ, ಇಲ್ಲ ಎನ್ನುವುದಿಲ್ಲ. ಆದರೆ ಅಷ್ಟು ದಟ್ಟವಾಗಿ ಅದು ಬೆಳೆದಿದೆ ಎಂದರೆ ನೀರಿನಲ್ಲಿ ಅದಕ್ಕೆ ಬೇಕಾದದ್ದು ಹೇರಳವಾಗಿದೆ ಎಂದರ್ಥ. ಹಳೆಯ ಮೀನುಗಾರರಿಗೆ ಅದು ಹೊಸದಲ್ಲ. ಬಲೆ ಎಳೆಯುವಾಗ ಕೈಗೆ ಬೆಳಕು ಮೆತ್ತಿದ ಅನುಭವ ಅವರಿಗೆ ಉಂಟು.

ಈಗ ಊಟದ ಸಾಲಿನ ಪ್ರಶ್ನೆಗೆ ಬರುತ್ತೇನೆ: ತಿನ್ನಬಹುದಾ?

ದಡಕ್ಕೆ ಸತ್ತು ಬಂದದ್ದನ್ನು, ಸಾಯುತ್ತಾ ತೇಲುತ್ತಿರುವುದನ್ನು ಮುಟ್ಟಬೇಡಿ. ಪುಕ್ಕಟೆ ಸಿಕ್ಕಿತೆಂದು ಬಕೆಟ್ ತುಂಬಿಕೊಂಡು ಬಂದವರನ್ನು ನಾನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಮಾರುಕಟ್ಟೆಯ ಮೀನು ಬೇರೆ ಮಾತು. ಅದು ಜೀವಂತವಾಗಿ ಬಲೆಗೆ ಬಿದ್ದದ್ದು, ಬಹುಪಾಲು ಬೇರೆ ನೀರಿನದು. ಕಣ್ಣು ನೋಡಿ, ಕಿವಿರು ಎತ್ತಿ ನೋಡಿ, ಬೆರಳಿಂದ ಒತ್ತಿ ನೋಡಿ, ಚೆನ್ನಾಗಿ ಬೇಯಿಸಿ. ಇದು ನಿಮ್ಮ ಅಮ್ಮ ಹೇಳಿಕೊಟ್ಟದ್ದೇ, ನಾನು ಹೊಸದಾಗಿ ಹೇಳುವುದೇನಿಲ್ಲ.

ಆದರೆ ಒಂದು ವಿಷಯದಲ್ಲಿ ಅಮ್ಮನ ಪಾಠ ಸಾಲದು. ಅದು ಚಿಪ್ಪಿನ ಜೀವಿಗಳದ್ದು. ಮರ್ವಾಯಿ, ನೀಲಿಕಲ್ಲು ಇವೆಲ್ಲ ದಿನವಿಡೀ ನೀರು ಸೋಸಿ ಪಾಚಿ ತಿಂದು ಬದುಕುವಂಥವು. ಕೆಲವು ಪಾಚಿಗಳಲ್ಲಿ ನರಗಳಿಗೆ ಹತ್ತುವ ವಿಷ ಇರುತ್ತದೆ. ಮರ್ವಾಯಿಗೆ ಅದರಿಂದ ಏನೂ ಆಗುವುದಿಲ್ಲ, ಒಳಗೆ ಕೂಡಿಟ್ಟುಕೊಳ್ಳುತ್ತದೆ. ಕುದಿಸಿದರೂ ಆ ವಿಷ ಹೋಗುವುದಿಲ್ಲ, ನೋಟಕ್ಕೂ ವಾಸನೆಗೂ ತಿಳಿಯುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ತುಟಿ, ನಾಲಿಗೆ ಜುಮ್ಮೆನ್ನುತ್ತದೆ. ಆಮೇಲೆ ಕೈಕಾಲು ಮರಗಟ್ಟುತ್ತದೆ, ಹೆಚ್ಚಾದರೆ ಉಸಿರಾಟ ನಿಲ್ಲುತ್ತದೆ. ಇದು ದೂರದ ಕಥೆಯಲ್ಲ. 1983ರಲ್ಲಿ ಮಂಗಳೂರಿಗೆ ತಾಗಿದ ಕುಂಬಳೆ ಕಡೆಯ ಅಳಿವೆಯ ಮರ್ವಾಯಿ ತಿಂದು ಹಲವರು ಕಾಯಿಲೆ ಬಿದ್ದರು, ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿ ಪಾಚಿಯ ವಿಷವೆಂದು ತೋರಿಸಿದರು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ನೀಲಿಕಲ್ಲು ತಿಂದು ಮತ್ತೆ ಸಾವುಗಳಾದವು. ಹಾಗಾಗಿ ನೀರಿನ ಬಣ್ಣ ಬದಲಾಗಿದೆ, ದಡದಲ್ಲಿ ಮೀನು ಸತ್ತಿದೆ ಎಂದರೆ ಆ ತೀರದ ಚಿಪ್ಪು ಮಾತ್ರ ಖಂಡಿತ ಬೇಡ. ನಾಲಿಗೆ ಜುಮ್ಮೆಂದರೆ ಸೋಡಾ, ನಿಂಬೆ ಶರಬತ್ತು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಿ. ಅಕಾಮ ಮುಗಿದಿದೆ, ಹೆಲ್ತ್ ಕಾರ್ಡ್ ಇಲ್ಲ ಎಂದು ಕಾಯುವ ಕಾಯಿಲೆ ಅಲ್ಲ ಅದು.

ವಾಟ್ಸ್ಯಾಪಿನ ವಿಡಿಯೊಗಳ ಬಗ್ಗೆಯೂ ಒಂದು ಮಾತು. ಅದರಲ್ಲಿ ಅರ್ಧ ಎಲ್ಲೆಲ್ಲಿಯದೋ, ಯಾವ ವರ್ಷದ್ದೋ. ಇನ್ನು ಕೆಲವು ಸಾವೇ ಅಲ್ಲ. ಟ್ರಾಲರಿನವರು ಬೆಲೆ ಬಾರದ ಸಣ್ಣ ಮೀನನ್ನು ಬಲೆಯಿಂದ ತೆಗೆದು ಸಮುದ್ರಕ್ಕೇ ಚೆಲ್ಲುತ್ತಾರೆ, ಗಾಳಿ ಅದನ್ನು ದಡಕ್ಕೆ ತರುತ್ತದೆ. ವ್ಯತ್ಯಾಸ ತಿಳಿಯಲು ಗಂಗೊಳ್ಳಿ ಅಣ್ಣನ ಕಡ್ಡಿ ಸಾಕು. ನಾಲ್ಕಾರು ಜಾತಿಯ ಸಣ್ಣ ಮೀನು ಕಲಸಿ ಬಿದ್ದಿದ್ದರೆ ಬಹುಶಃ ಬಲೆಯದು. ಒಂದೇ ಜಾತಿ, ಒಂದೇ ಅಳತೆ, ಕಣ್ಣು ಉಬ್ಬಿದ್ದರೆ ರೋಗ ಇರಬಹುದು. ಸಣ್ಣದು ದೊಡ್ಡದು ಎಲ್ಲ ಜಾತಿಯೂ, ತಳದ ಏಡಿಯೂ ಸೇರಿ ಬೆಳಗಿನ ಜಾವ ಬಾಯಿ ತೆರೆದು ಸತ್ತಿದ್ದರೆ ಉಸಿರು ಸಾಲದೆ ಹೋದದ್ದು. ರಾತ್ರಿಯಿಡೀ ಪಾಚಿಯೂ ಆಮ್ಲಜನಕವನ್ನೇ ಎಳೆಯುವುದರಿಂದ ಬೆಳಗಿನ ಜಾವಕ್ಕೆ ಅದು ಅತಿ ಕಡಿಮೆ ಇರುತ್ತದೆ. ಪ್ರಯೋಗಾಲಯದ ಉತ್ತರ ಬರುವ ಮೊದಲು ಇಷ್ಟನ್ನು ಕಣ್ಣೇ ಹೇಳುತ್ತದೆ. ಮೀನು ಮುಟ್ಟಿ ಬದುಕಿದವರ ಕಣ್ಣು.

ಗಂಗೊಳ್ಳಿ ಅಣ್ಣ ಆ ವರ್ಷ ಡಿಸೆಂಬರಿನ ಹೊತ್ತಿಗೆ ಚೇತರಿಸಿಕೊಂಡರು. ಜನ ಮತ್ತೆ ಮೀನಿಗೆ ಬಂದರು. ಆದರೆ ತಪ್ಪಿದ ಕಂತಿಗೆ ಬಡ್ಡಿ ಬೆಳೆದು, ತಮ್ಮನ ದೋಣಿಯ ಅರ್ಧ ಪಾಲು ಬೇರೆಯವರಿಗೆ ಹೋಯಿತು. 2,500 ಟನ್ ಮೀನಿನ ಲೆಕ್ಕ ಪ್ರಬಂಧದಲ್ಲಿ ಇದೆ. ಈ ಅರ್ಧ ದೋಣಿಯ ಲೆಕ್ಕ ಅದರಲ್ಲಿಲ್ಲ, ಇರಬೇಕೆಂದೂ ಇಲ್ಲ. ನಾನು ಇಲ್ಲಿ ಬರೆದಿಡುತ್ತಿದ್ದೇನೆ, ಅಷ್ಟೆ. ಅವರು ಇನ್ನೂ ಒಂಬತ್ತು ವರ್ಷ ಅದೇ ಅಂಗಡಿಯಲ್ಲಿ ಮೀನು ಕೊಯ್ದು ಊರಿಗೆ ಹೋದರು. ಈಗ ಸ್ವಂತ ದೋಣಿ ಇಲ್ಲ, ಬೇರೆಯವರ ಬಲೆ ಹೆಣೆದುಕೊಡುತ್ತಾರೆ. ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ನಿಷೇಧ ಇರುವಾಗ ಹೊತ್ತು ಹೋಗದೆ ನನಗೆ ಫೋನು ಮಾಡುತ್ತಾರೆ.

ಈ ಸಲ ಮಾಡಿದಾಗ ಈ ಅಂಕಣದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೈದ್ ಈಗ್ಳೂ ಇತ್ತಾ ಅಲ್ಲಿ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮಾರುಕಟ್ಟೆಗೆ ಹೋದರೆ ನಾನು ಬಂಗುಡೆ ಹುಡುಕುವವನು.

ಮುಂದಿನ ಶುಕ್ರವಾರ ಬೆಳಿಗ್ಗೆ ಸಾಲ್ಮಿಯಾದ ದಡಕ್ಕೆ ಹೋದೆ. ಒಬ್ಬ ಬಂಗಾಳಿ ಹುಡುಗ ಖುಬ್ಬೂಸಿನ ಚೂರನ್ನು ನೆನೆಸಿ ಉಂಡೆ ಮಾಡಿ ಗಾಳಕ್ಕೆ ಚುಚ್ಚುತ್ತಿದ್ದ. ಬಕೆಟ್ಟಿನಲ್ಲಿ ಏಳು ಮೀನು. ಕೇಳಿಕೊಂಡು ಒಂದನ್ನು ಎತ್ತಿ ತಿರುಗಿಸಿ ನೋಡಿದೆ, ಫೋಟೊ ತೆಗೆದು ಗಂಗೊಳ್ಳಿಗೆ ಕಳಿಸಿದೆ. ಐದು ನಿಮಿಷಕ್ಕೆ ಅವರ ದನಿಯ ಸಂದೇಶ ಬಂತು: "ಕಣ್ಣ್ ಲಾಯ್ಕ್ ಇತ್ತ್. ತಕಂಡ್ ಹೋಗಿ ಸಾರ್ ಮಾಡ್."

ಮಾರುತ್ತೀಯಾ ಎಂದು ಹುಡುಗನನ್ನು ಕೇಳಿದೆ. ಅವನ ರೂಮಿನಲ್ಲಿಯೂ ಆರು ಜನರಂತೆ. ಮಾರುವುದಿಲ್ಲ ಎಂದ.